ಅಡುಗೆಮನೆಗೆ ಬಾರದ ಪುಟ

ನನ್ನ ಗಂಡ ಸಾಯುವ ಹಿಂದಿನ ದಿನ ಅಡುಗೆಮನೆಗೆ ಬರಲಿಲ್ಲ. ಬೇರೇನೂ ಹೆಚ್ಚುಕಡಿಮೆ ಇರಲಿಲ್ಲ. ಬಟ್ಟೆ ಒಣಹಾಕಿದರು, ಊಟ ಮಾಡಿದರು, ಫ್ಯಾನ್ ಕಿರುಗುಟ್ಟುತ್ತದೆ ಎಂದು ಬೈದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತರು.

ಇವರು ವೆಬ್‌ಸೈಟ್ ಮಾಡುತ್ತಿದ್ದರು. ಯಾವ ಪುಟ ಮಾಡಿದರೂ ಮೊದಲು ಅಡುಗೆಮನೆಗೆ ತರುತ್ತಿದ್ದರು. ಮನೆಯಲ್ಲಿ ಸಿಗ್ನಲ್ ತೀರಾ ಕಡಿಮೆ ಸಿಗುವ ಜಾಗ ಅದು; ಅಲ್ಲಿ ತೆರೆದುಕೊಂಡರೆ ಎಲ್ಲಾದರೂ ತೆರೆದುಕೊಳ್ಳುತ್ತದೆ ಎಂಬ ಲೆಕ್ಕ. ಗಾಜು ಒಡೆದ ಹಳೆಯ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಇದರಲ್ಲಿ ಫೋನ್ ನಂಬರ್ ಎಲ್ಲಿದೆ ಹುಡುಕು" ಎನ್ನುತ್ತಿದ್ದರು. ನಾನು ಓದಿದ್ದು ಕಡಿಮೆ.

"ಕೈಯೆಲ್ಲಾ ಹಿಟ್ಟಾಗಿದೆ ರೀ. ನನ್ನನ್ನೇನು ಕೇಳ್ತೀರಾ?"

"ನಿನಗೆ ಸಿಕ್ಕರೆ ಯಾರಿಗಾದ್ರೂ ಸಿಗುತ್ತೆ ಕಣೇ."

"ಅಂದ್ರೆ ಊರಿಗೆಲ್ಲಾ ದಡ್ಡಿ ನಾನೇ ಅಂತ!"

"ಸಂಬಳ ಇಲ್ಲದೆ ಇಂಥ ದಡ್ಡಿ ಇನ್ನೆಲ್ಲಿ ಸಿಗ್ತಾಳೆ?"

ನನಗೆ ಸಿಗದಿದ್ದರೆ ಹೋಗಿ ಪುಟವನ್ನು ಬದಲಾಯಿಸಿಕೊಂಡು ಬರುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಇವರ ಆಸೆ ದೊಡ್ಡದಿತ್ತು. ಒಮ್ಮೆ ಹಾಕಿದ ಪುಟ ಯಾವಾಗಲೂ ಇರುತ್ತದೆ, ಲೋಕವೆಲ್ಲಾ ನೋಡುತ್ತದೆ ಎನ್ನುತ್ತಿದ್ದರು. ಗಿರಾಕಿಗಳು ಮಿನುಗುವ ಚಿತ್ರ ಬೇಕು ಎಂದರು, ಕಲಿತರು. ಮೊಬೈಲಿಗೆ ಹೊಂದಬೇಕು ಎಂದರು; ಎಲ್ಲವನ್ನೂ ಕೆಡವಿ ಮತ್ತೆ ಕಟ್ಟಿದರು. ಕಲಿತದ್ದು ಕೈಗೆ ಹತ್ತುವಷ್ಟರಲ್ಲಿ ಹಳತಾಗುತ್ತಿತ್ತು. "ಇದೊಂದು ಕಲಿತುಬಿಟ್ರೆ ನಿರಾಳ" ಎಂದು ಪ್ರತಿ ಸಲವೂ ಹೇಳಿದರು. ಕೊನೆಕೊನೆಗೆ ಲೋಕದ ಮಾತು ಬಿಟ್ಟರು. ಈ ವಾರ ಏನೂ ಕೆಡದಿದ್ದರೆ ಸಾಕು ಎನ್ನುತ್ತಿದ್ದರು.

"ಹೀಗೆ ಬೇಕು" ಎಂದು ಹೇಳಿದರೆ ಸಾಕು, ಎಐ ಎನ್ನುವ ಯಂತ್ರವೇ ಪುಟ ಮಾಡಿಕೊಡುವ ಕಾಲ ಬಂತು. ಅಂಗಡಿಗಳವರು, ಶಾಲೆಯವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಉಳಿದದ್ದು ಒಂದು ಕಣ್ಣಾಸ್ಪತ್ರೆ. ಇವತ್ತು ಯಾವ ಡಾಕ್ಟರು ಇರುತ್ತಾರೆ ಎಂದು ವಯಸ್ಸಾದವರು ಅದರಲ್ಲಿ ನೋಡಿಕೊಂಡು ಮನೆ ಬಿಡುತ್ತಿದ್ದರು.

ಇವರು ಅಡುಗೆಮನೆಗೆ ಬಾರದ ಆ ದಿನ ಮಧ್ಯಾಹ್ನ ಆಸ್ಪತ್ರೆಯ ಮ್ಯಾನೇಜರ್ ಫೋನ್ ಮಾಡಿದರು. ಇವರು ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿಸಿತು.

"ಸರ್, ನಿಮ್ಮ ಪೇಜ್ ಹಳೇ ಸಿನಿಮಾ ಪೋಸ್ಟರ್ ಥರ ಇದೆ. ನಾಳೆಯೊಳಗೆ ಹೊಸದಾಗಿ ಮಾಡ್ತೀರೋ, ಯಂತ್ರದ ಕೈಲಿ ಮಾಡಿಸ್ಕೊಳ್ಳೋಣ್ವೋ?"

"ಹಳೇ ಫೋನಿನವರು ತುಂಬಾ ಇದಾರೆ ಸರ್..."

"ಈಗ ಯಾರ ಹತ್ರ ಇದೆ ಸರ್ ಹಳೇ ಫೋನು?"

ಇವರು "ಮಾಡ್ತೀನಿ" ಎಂದರು.

ಸಂಜೆಗೆ ಮುಗಿಸಿ ಹೊಸ ಫೋನಿನಲ್ಲಿ ತೋರಿಸಿದರು. ಚೆನ್ನಾಗಿತ್ತು. ಬಣ್ಣ ಹರಿದಾಡುತ್ತಿತ್ತು.

"ಹಳೇದ್ರಲ್ಲಿ ನೋಡೋದು ಬೇಡ್ವಾ?" ಎಂದೆ.

"ಬೇಡ ಬಿಡು. ಅವರಿಗೆ ಬೇಕಾಗಿರೋದು ಇದೇ."

ಕೂತಲ್ಲಿಂದಲೇ ಅದನ್ನು ಆಸ್ಪತ್ರೆಯ ವೆಬ್‌ಸೈಟಿಗೆ ಹಾಕಿಬಿಟ್ಟರು.

ಮರುದಿನ ಬೆಳಿಗ್ಗೆ ಇವರ ಫೋನು ಬಿಡದೆ ಬಡಿದುಕೊಂಡಿತು. ತೊಂದರೆಯಾದರೆ ತಿಳಿಸಿ ಎಂದು ಹಳೆಯ ಪುಟದಲ್ಲಿ ತಮ್ಮದೇ ನಂಬರು ಹಾಕಿದ್ದರು. ಜನ ಅದನ್ನು ಫೋನಿನಲ್ಲಿ ಉಳಿಸಿಕೊಂಡಿದ್ದರು.

"ಯಾರಪ್ಪಾ? ಪೇಜ್ ತೆಗೆದ್ರೆ ಬರೀ ಬೆಳ್ಳಗಿದೆ. ಆಪರೇಷನ್ ಆದ ಕಣ್ಣು ಹೋಯ್ತೇನೋ ಅಂತ ಎದೆ ಧಸಕ್ ಅಂತು. ಮಗಳನ್ನ ಕರೆದು ತೋರಿಸ್ದೆ, ಅವಳಿಗೂ ಬೆಳ್ಳಗೇ!"

"ನಿಮ್ಮ ಕಣ್ಣು ಚೆನ್ನಾಗಿದೆ ಅಜ್ಜಿ. ಕೆಟ್ಟಿರೋದು ನನ್ನ ಪೇಜು."

ಹಳೆಯ ಫೋನುಗಳಿಗೆ ಬಣ್ಣ ಹರಿದಾಡುವ ಆ ಹೊಸ ಕೆಲಸ ಅರ್ಥವಾಗಿರಲಿಲ್ಲ. "ಹಳೇದನ್ನೇ ವಾಪಸ್ ಹಾಕ್ತೀನಿ, ಐದು ನಿಮಿಷ" ಎಂದು ಒಳಗೆ ಹೋದರು. ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಬಿದ್ದ ಸದ್ದು. ಹೃದಯ ನಿಂತಿತು ಎಂದರು ಡಾಕ್ಟರು.

ಹೆಣ ಮನೆಯಲ್ಲಿದ್ದಾಗಲೇ ಮ್ಯಾನೇಜರ್ ಫೋನ್ ಮಾಡಿದರು. ನನ್ನ ತಮ್ಮ ಎತ್ತಿಕೊಂಡ.

"ಇನ್ನೂ ಸರಿಯಾಗಿಲ್ವಲ್ಲ ಸರ್?"

"ಭಾವ ತೀರ್ಕೊಂಡ್ರು."

"ಅಯ್ಯೋ... ಛೆ. ಪಾಸ್‌ವರ್ಡ್ ಯಾರ ಹತ್ರ ಇದೆ?"

ಅವರೇನೂ ಕೆಟ್ಟವರಲ್ಲ. ಅವರ ಬಾಗಿಲಲ್ಲಿ ಜನ ನಿಂತಿದ್ದರು. ತಮ್ಮ ಇವರ ಡೈರಿಯಲ್ಲಿದ್ದ ಪಾಸ್‌ವರ್ಡ್ ಹುಡುಕಿ ಕೊಟ್ಟ. ಸಂಜೆಗೆ ಯಂತ್ರ ಮಾಡಿದ ಪುಟ ಬಂದಿತ್ತಂತೆ.

ಕೆಲವು ದಿನ ಬಿಟ್ಟು ಒಡೆದ ಮೊಬೈಲನ್ನು ಹಿಡಿದು ಒಲೆಯ ಪಕ್ಕ ನಿಂತು ಆ ಯಂತ್ರದ ಪುಟವನ್ನು ತೆರೆದೆ. ಅದು ತೆರೆದುಕೊಳ್ಳದಿರಲಿ ಎಂದುಕೊಂಡೇ ಒತ್ತಿದೆ. ತಕ್ಷಣ ತೆರೆದುಕೊಂಡಿತು. ನಂಬರೂ ಬೇಗ ಸಿಕ್ಕಿತು. ಅವತ್ತು ಅತ್ತಷ್ಟು ಇವರನ್ನು ಕಳಿಸಿಕೊಟ್ಟ ದಿನವೂ ಅತ್ತಿರಲಿಲ್ಲ.

ಆ ವಯಸ್ಸಾದವರು ಇವರ ನಂಬರನ್ನು ಅಳಿಸಿಲ್ಲ, ಈಗಲೂ ಆಗಾಗ ಫೋನ್ ಮಾಡುತ್ತಾರೆ. ಅಳಿಸುವುದು ಹೇಗೆಂದು ಗೊತ್ತಿಲ್ಲವೋ ಏನೋ. ಬೆಳಿಗ್ಗೆ ಎದ್ದು ಇವರ ಫೋನನ್ನು ಚಾರ್ಜಿನಿಂದ ತೆಗೆಯುತ್ತೇನೆ. ಯಂತ್ರದ ಪುಟ ನೋಡಿ ಅಂದಿನ ಡಾಕ್ಟರ ಹೆಸರು ತಿಳಿದುಕೊಳ್ಳುತ್ತೇನೆ. ಯಾರಾದರೂ ಕೇಳಿದರೆ ಹೇಳಬೇಕಲ್ಲ.