ಬೀರುವಿನಲ್ಲಿ ಉಳಿದ ಸಾವಿನ ಹಾಡು

"ಯೂನಿವರ್ಸಿಟಿಯವರ ಬೀರು ಸೇರಿದ್ದು ವಾಪಸ್ ಬರಲ್ಲ ಕಣೋ, ಬರೆದಿಟ್ಕೋ" ಅಂದವರು ನಮ್ಮ ಸೋದರಮಾವ. ಕೆಂಗೇರಿ ಆಚೆಯ ಗುಡ್ಡದ ನಮ್ಮ ಬುಡಕಟ್ಟಿನ ಹಟ್ಟಿಯಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನು. ಜ್ಞಾನಭಾರತಿಯಲ್ಲಿ ಎಂ.ಎ. ಓದುವಾಗ, ಯಾರಾದರೂ ಸತ್ತಾಗ ಅಜ್ಜಿ ಹಾಡುತ್ತಿದ್ದ ಸಾವಿನ ಹಾಡನ್ನು ಟೇಪು ಮಾಡಲು ನಮ್ಮ ವಿಭಾಗದ ಮೇಷ್ಟ್ರನ್ನು ಹಟ್ಟಿಗೆ ಕರೆತಂದವನೂ ನಾನೇ. ಟೇಪು ವಿಭಾಗದ ಬೀರು ಸೇರಿತು. ಅದಾಗಿ ಕೆಲವೇ ತಿಂಗಳಿಗೆ ಅಜ್ಜಿ ಹೋದಳು. ಹಾಡು ಪೂರ್ತಿ ಬರುವವರು ಯಾರೂ ಇರಲಿಲ್ಲ. ಹಾಡಿಲ್ಲದೆಯೇ ಅವಳನ್ನು ಮಣ್ಣು ಮಾಡಿದೆವು.

ವರ್ಷ ತುಂಬುವುದರೊಳಗೆ ಸಮಾಧಿಯ ಹತ್ತಿರವಾದರೂ ಹಾಡಬೇಕೆಂದು, ಟೇಪು ಕೇಳಿ ಕಲಿಯಲು ಚಿಕ್ಕಮ್ಮ ನನ್ನೊಡನೆ ವಿಭಾಗಕ್ಕೆ ಬಂದಳು. "ಹೊರಗೆ ಕೊಡಲ್ಲ, ಇಲ್ಲೇ ಕೇಳಿ" ಎಂದು ಗುಮಾಸ್ತ ಟೇಪು ಹಾಕಿದ. ಮಧ್ಯಾಹ್ನ ಒಂದು ಗಂಟೆಯಾದದ್ದೇ ಊಟಕ್ಕೆಂದು ನಡುವೆಯೇ ನಿಲ್ಲಿಸಿದ. ನಮ್ಮಲ್ಲಿ ಆ ಹಾಡು ಅರ್ಧಕ್ಕೆ ನಿಂತರೆ ಸತ್ತವರು ನಡುದಾರಿಯಲ್ಲೇ ಉಳಿಯುತ್ತಾರೆ.

"ನಮ್ಮವ್ವನ್ನ ಎಲ್ಲಿ ನಿಲ್ಸಿದ್ದೀಯಪ್ಪ?" ಎಂದಳು ಚಿಕ್ಕಮ್ಮ.

"ಎಲ್ಲೂ ಹೋಗಲ್ಲ ಬಿಡಮ್ಮ, ಊಟ ಮಾಡ್ಕೊಂಡು ಬರ್ತೀನಿ."

ಅವನನ್ನು ತಡೆದು ಕೂರಿಸಲು ನನ್ನ ಓದಿಗೆ ಆಗಲಿಲ್ಲ. ನಾನು ಬಾಗಿಲಿಗೂ ಮೇಜಿಗೂ ಓಡಾಡುತ್ತಿದ್ದೆ. ಹಾಡು ನಿಲ್ಲಬಾರದೆಂದು ಚಿಕ್ಕಮ್ಮ ಕೊನೆಗೆ ಕೇಳಿದ ಸಾಲನ್ನೇ ಬಿಡದೆ ಹಾಡುತ್ತಾ ಕೂತಳು. ಊಟ ಮುಗಿಸಿ ಬಂದ ವಿಭಾಗದ ಮುಖ್ಯಸ್ಥರು ಅದನ್ನು ಕಂಡು ಬೆರಗಾದರು. ಮನೆಯಲ್ಲಿ ಕಲಿಯಲು ಟೇಪಿನ ಪ್ರತಿ ಕೊಡಿ ಎಂದರೆ ಮಾತ್ರ "ನೋಡೋಣ" ಅಂದರು.

ವಿಭಾಗದ ಆ ವರ್ಷದ ಸಮಾರಂಭದಲ್ಲಿ, ಜನಪದ ಹಾಡು ಉಳಿಸಿದ್ದಕ್ಕೆಂದು ಚಿಕ್ಕಮ್ಮನ ಕೈಗೆ ಪ್ರಮಾಣಪತ್ರ ಕೊಟ್ಟರು. ನನಗೆ ಎದೆಯುಬ್ಬಿತು. ಅವಳು ವೇದಿಕೆಯಿಂದ ಕೆಳಗಿಳಿದು ಬಂದು ಅದನ್ನು ನನ್ನ ಕೈಗಿಟ್ಟಳು.

"ಕಾಗದ ನೀನಿಟ್ಕೋ. ಹಾಡು ಯಾವಾಗ ಕೊಡ್ತಾರಂತೆ, ಹೋಗಿ ಕೇಳು."