ಕೆಂಪವ್ವನ ಚುಕ್ಕೆಬಳೆ

ಮುತ್ತೈದೆಯ ಕೈಬಳೆ ಒಡೆದರೆ ಒಡೆಯಿತು ಎನ್ನುವವರಲ್ಲ ಆ ಕಡೆಯ ಹೆಂಗಸರು. ಹೆಚ್ಚಿತು ಎನ್ನುತ್ತಾರೆ. ಅಂಥ ಊರಿನಲ್ಲಿ ಹುಟ್ಟಿ, ಮೂಡಲಗಿ ಕಡೆಯ ಅಂಥದೇ ಇನ್ನೊಂದು ಊರಿಗೆ ಸೊಸೆಯಾಗಿ ಬಂದ ಕುರುಬರ ಕೆಂಪವ್ವ, ಗಂಡ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ಕ್ಯಾಮೆರಾದ ಎದುರು ಎರಡೂ ಕೈಯ ಬಳೆಗಳನ್ನು ಕಲ್ಲಿಗೆ ಕುಟ್ಟಿ ಒಡೆದಳು. ಅದಕ್ಕೆ ಅವಳಿಗೆ ಆ ವರ್ಷದ ಅತ್ಯುತ್ತಮ ನಟಿ ಎಂಬ ಪ್ರಶಸ್ತಿ ಬಂತು.

ಅವಳೇನೂ ಹಂಬಲಿಸಿ ಹೋದವಳಲ್ಲ. ಧುಪದಾಳದ ಒಡ್ಡಿನ ಹತ್ತಿರ ಕುರಿಗಳನ್ನು ನೀರಿಗೆ ಬಿಟ್ಟಿದ್ದಳು. ಸಿನಿಮಾದವರ ಜೀಪು ಹಿಂಡಿನೊಳಗೆ ನುಗ್ಗಿತು. ಕೆಂಪವ್ವ ಚಾಲಕನನ್ನು ಅವನ ಅಜ್ಜ ಮುತ್ತಜ್ಜರಿಗೆಲ್ಲ ಮುಟ್ಟುವ ಹಾಗೆ ಬೈದಳು. ಹಿಂದಿನ ಸೀಟಿನಿಂದ ಇಳಿದು ಬಂದ ನಿರ್ದೇಶಕ ಅಜಿತ ಕೈಮುಗಿದು, "ಯವ್ವಾ, ಇನ್ನೊಮ್ಮೆ ಬೈರಿ" ಎಂದ. ಅವನು ಪಟ್ಟಣದಿಂದ ಕರೆಸಿದ್ದ ನಟಿಗೆ ಕುರಿಮರಿ ಎತ್ತಿಕೊಳ್ಳಲೂ ಬರುತ್ತಿರಲಿಲ್ಲ.

ಕುರುಬನ ವಿಧವೆಯ ಪಾತ್ರ. ಗಂಡ ಹೊಳೆಪ್ಪ ಬೀಡಿ ಹಚ್ಚಿಕೊಂಡು ನಕ್ಕಿದ್ದ. "ಹೋಗ, ಮಾಡ. ನಾ ಸತ್ತರ ಹೆಂಗ ಅಳತಿ ನೋಡೂಣು."

ಅವಳು ಎಚ್ಚರಿಕೆಯಲ್ಲೇ ಇದ್ದಳು. ತಾಳಿ ಬಿಚ್ಚಲಿಲ್ಲ, ಕುಬಸದೊಳಗೆ ಸೇರಿಸಿಕೊಂಡಳು. ತನ್ನ ಬಳೆಗಳನ್ನು ತೋಳಿನ ಕಡೆ ಬಿಗಿಯಾಗಿ ಸರಿಸಿ ಅದರ ಮೇಲೆ ಬಟ್ಟೆ ಸುತ್ತಿ, ಸಿನಿಮಾದವರ ಬಳೆಗಳನ್ನು ಮುಂಗೈಗೆ ತೊಟ್ಟಳು. ಆದರೆ ಅಳು ಬರಲಿಲ್ಲ. "ಗಂಡನ್ನ ನೆನಸ್ಕೊಳ್ರಿ" ಎಂದ ಅಜಿತ. ನೆನೆಸಿಕೊಂಡರೆ ನಗು ಬಂತು. ಆಗ, ಹಿಂದಿನ ಮಳೆಗಾಲದಲ್ಲಿ ಅದೇ ಒಡ್ಡಿನ ಮೇಲಿಂದ ಕೊಚ್ಚಿಹೋದ ಕರಿ ಕುರಿ ಕಣ್ಣಿಗೆ ಕಟ್ಟಿತು. ಕೆಂಪು ನೀರಿನಲ್ಲಿ ಮುಳುಗುತ್ತ ಅದು ಇವಳ ಕಡೆಗೇ ಕತ್ತು ತಿರುಗಿಸಿತ್ತು. ಆಮೇಲೆ ಅವಳನ್ನು ತಡೆಯುವವರೇ ಇರಲಿಲ್ಲ. ಸಿನಿಮಾದ ಬಳೆಗಳು ಚೂರಾದವು. ಸುತ್ತಿದ ಬಟ್ಟೆ ಸಡಿಲವಾಗಿ, ಗೋಕಾಕದ ಬಳೆಗಾರ ಯುಗಾದಿಗೆ ತೊಡಿಸಿದ್ದ ಹಸಿರು ಬಳೆಗಳು, ಚಿನ್ನದ ಚುಕ್ಕೆಯವು, ಮುಂಗೈಗೆ ಜಾರಿದವು. ಕೈ ನಿಲ್ಲಲಿಲ್ಲ, ಅವೂ ಚೂರಾದವು.

ಪ್ರಶಸ್ತಿ ಬಂದಾಗ ಮೂಡಲಗಿಯಲ್ಲಿ ಅವಳನ್ನು ಹೂಮಾಲೆ ಹಾಕಿ ಟ್ರ್ಯಾಕ್ಟರಿನಲ್ಲಿ ಮೆರೆಸಿದರು. ಸಿನಿಮಾ ಊರಿಗೆ ಬಂದದ್ದು ಆಮೇಲೆ. ಸಾಲೆಯ ಬಯಲಿನಲ್ಲಿ ಪರದೆ ಕಟ್ಟಿ ತೋರಿಸಿದರು. ಆ ದೃಶ್ಯ ಬಂತು. ಪರದೆಯ ತುಂಬ ಎರಡು ಕೈ, ಒಂದು ಕಲ್ಲು. ಕತ್ತಲಲ್ಲಿ ಯಾರೋ ಹೆಂಗಸು ಸಣ್ಣಗೆ ಅಂದಳು, "ಅವು ಕೆಂಪವ್ವನ ಚುಕ್ಕೆಬಳಿ ಅಲ್ಲೇನ?"

ಚಪ್ಪಾಳೆ ಬೀಳಲಿಲ್ಲ.

ಬೈದು ಜಗಳಕ್ಕೆ ಬಂದವರೂ ಇಲ್ಲ. ಅರಿಷಿಣ ಕುಂಕುಮಕ್ಕೆ ಕರೆಯುವುದು ನಿಂತಿತು, ಅಷ್ಟೇ. ಮದುವೆ ಮನೆಯಲ್ಲಿ ಇವಳು ಹೋದ ಕೂಡಲೇ ಆರತಿ ತಟ್ಟೆ ಇನ್ನೊಂದು ಕೋಣೆಗೆ ಹೋಗುತ್ತಿತ್ತು. ಚಹಾದಂಗಡಿಯಲ್ಲಿ ಹೊಳೆಪ್ಪನಿಗೆ ಹೊಸ ಹೆಸರು ಬಂತು. "ಬರ್ರಿ ದಿವಂಗತ್ರ. ಚಾ ಕುಡೀತೀರೊ, ಕಾಗಿಗೆ ಇಡೂಣೊ?" ಮೊದಲು ಅವನೂ ನಕ್ಕ. ಆಮೇಲೆ ಅಂಗಡಿಗೆ ಹೋಗುವುದು ಬಿಟ್ಟ. ಒಂದು ಸಂಜೆ ಊಟದ ತಟ್ಟೆ ಸರಿಸಿ ಕೇಳಿದ, "ಖರೆ ಹೇಳ. ಅವತ್ತ ನನ್ನ ಹೆಣಾ ನೆನಸಿ ಅತ್ತಿ ಹೌದಿಲ್ಲೊ?"

"ಇಲ್ಲಪಾ. ನಮ್ಮ ಕರಿ ಕುರಿ ನೆನಸಿದ್ನಿ."

ಅವನ ಮುಖ ಇನ್ನಷ್ಟು ಕಪ್ಪಾಯಿತು. "ಕುರಿಗೆ ಅಷ್ಟ ಅಳು! ನನಗ ಎಷ್ಟ ಇಟ್ಟೀಯವಾ?" ಅಂದಿನಿಂದ ಅವನು ಕಂಬಳಿ ಎತ್ತಿಕೊಂಡು ಕುರಿದೊಡ್ಡಿಯಲ್ಲೇ ಮಲಗತೊಡಗಿದ.

ಸಿನಿಮಾದವರ ಫೋನು ಬರುತ್ತಲೇ ಇತ್ತು. ಎಲ್ಲರಿಗೂ ಬೇಕಾದದ್ದು ಅದೇ ವಿಧವೆ. ಕೆಂಪವ್ವ ಅಜಿತನಿಗೆ ಹೇಳಿದಳು, "ಅಪ್ಪಾ, ಒಂದ ಮುತ್ತೈದಿ ಪಾರ್ಟ್ ಕೊಡಸು. ಹಣಿ ತುಂಬ ಕುಂಕುಮ, ಕೈ ತುಂಬ ಬಳಿ. ಮಂದಿ ನೋಡ್ಲಿ." ಅವನು ಪ್ರೀತಿಯಿಂದಲೇ ನಕ್ಕ. "ನಿಮ್ಮ ಮಾರಿಗೆ ಅಳೋದ ಚಂದ, ಯವ್ವಾ." ಅವಳು ಒಲ್ಲೆ ಅಂದಳು. ಅವಳ ನಟನೆಯ ಬದುಕು ಅಲ್ಲಿಗೆ ಮುಗಿಯಿತು. ಅಳು ಮಾತ್ರ ಜನರ ಫೋನುಗಳಲ್ಲಿ ಓಡಾಡುತ್ತಿತ್ತು.

ಹೀಗಿರುವಾಗ ಮಗಳು ವಿದ್ಯಾ ಬಸುರಿಯಾದಳು. ಅವಳನ್ನು ಕೊಟ್ಟದ್ದು ಹುಕ್ಕೇರಿ ತಾಲೂಕಿನ ಹತ್ತರಗಿಗೆ. ಹೆದ್ದಾರಿಯ ಬಾಜೂ ಖಾನಾವಳಿ ಇಟ್ಟವರ ಮನೆ. ಏಳು ತಿಂಗಳಿಗೆ ಸೀಮಂತದ ಕುಬಸ ಮಾಡಿ ಬಸುರಿಯ ಉಡಿ ತುಂಬಬೇಕು. ಮೊದಲ ಹಿಡಿ ಅಕ್ಕಿ ಹೆತ್ತವಳದು. ಆ ಒಂದು ಹಿಡಿ ತನ್ನ ಕೈಯಿಂದ ಬಿದ್ದರೆ ಸಾಕು, ಉಳಿದದ್ದು ಏನಾದರೂ ಆಗಲಿ ಎಂದುಕೊಂಡಳು ಕೆಂಪವ್ವ. ಅಕ್ಕಿ, ಹಸಿರು ಸೀರೆ, ಬಳೆ, ಕೊಬ್ಬರಿ ಬಟ್ಟಲು ಗಂಟು ಕಟ್ಟಿದಳು. ಹೊಳೆಪ್ಪನಿಗೆ ಗಡ್ಡ ಹೆರೆಸಿ ಹೊಸ ರುಮಾಲು ಸುತ್ತಿಸಿದಳು.

ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಅವನ ತೋಳು ಹಿಡಿದು ಕೇಳಿಕೊಂಡಳು. "ಯಾರರ ಏನರ ಅಂದ್ರ ಒಂದ ಮಾತ ಹೇಳು. ನಾ ಇನ್ನೂ ಜೀವಂತ ಅದೇನಿ ಅನ್ನು. ಅಷ್ಟ ಸಾಕು."

"ಹೂಂ, ಅಂತೇನಿ ತಗೊ" ಎಂದ ಅವನು. ಮುಂದಿನ ದಾರಿಯಲ್ಲಿ ಅವಳು ಅವನ ರುಮಾಲನ್ನು ಎರಡು ಸಲ ಸರಿಮಾಡಿದಳು.

ಹತ್ತರಗಿಯ ಮನೆ ತುಂಬ ಹೆಂಗಸರು. ಮಣೆಯ ಮೇಲೆ ವಿದ್ಯಾ ಸೆರಗು ಹರಡಿ ಕುಳಿತಿದ್ದಳು. ಕೆಂಪವ್ವ ಅಕ್ಕಿಯ ತಟ್ಟೆ ಎತ್ತಿಕೊಂಡಳು. ವಿದ್ಯಾಳ ಅತ್ತೆ ಭರಮವ್ವ ಬಂದು ಆ ತಟ್ಟೆಗೆ ಮೆತ್ತಗೆ ಕೈ ಹಾಕಿದಳು.

"ದೂರದಿಂದ ಬಂದೀರಿ, ದಣದೀರಿ. ಕುಂಡರ್ರಿ ಬೀಗತಿ. ನಮ್ಮ ಹೆಣ್ಮಕ್ಕಳು ತುಂಬತಾರ."

"ನನ್ನ ಮಗಳ ಉಡಿ ನಾ ತುಂಬತೇನ್ರಿ" ಎಂದಳು ಕೆಂಪವ್ವ. ತಟ್ಟೆ ಬಿಡಲಿಲ್ಲ. "ನನ್ನ ಗಂಡ ಅಲ್ಲೇ ಕುಂತಾನ, ನೋಡ್ರಿ."

ಎಲ್ಲರೂ ಬಾಗಿಲ ಕಡೆ ನೋಡಿದರು. ಹೊಳೆಪ್ಪ ಹೊಸ್ತಿಲಾಚೆ ಕಟ್ಟೆಯ ಮೇಲೆ ಕುಳಿತಿದ್ದ, ಜೀವಂತವಾಗಿ, ದವಡೆಯಲ್ಲಿ ಎಲೆಯಡಿಕೆ ಆಡಿಸುತ್ತ.

"ಹೇಳು" ಎಂದಳು ಕೆಂಪವ್ವ.

ಅವನು ರುಮಾಲಿನ ಚುಂಗನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ನನ್ನ ಯಾಕ ಕೇಳತೀರಿ... ನಂದ ಹೆಂಗರ ಆಗ್ಲಿ. ಕೂಸಿನ ಮ್ಯಾಲ ಬಂದ್ರ ಏನ ಮಾಡೂದು?"

ಕೆಂಪವ್ವ ಮಗಳನ್ನು ನೋಡಿದಳು. ವಿದ್ಯಾ ಹರಡಿದ್ದ ಸೆರಗನ್ನು ಎರಡೂ ಕೈಯಿಂದ ಬಾಚಿ ಹೊಟ್ಟೆಗೆ ಒತ್ತಿಕೊಂಡಿದ್ದಳು.

"ಯವ್ವಾ, ಹಟಾ ಮಾಡಬ್ಯಾಡ. ಅತ್ತಾಗ ಕುಂಡರ."

ತಟ್ಟೆ ಭರಮವ್ವನ ಕೈಗೆ ಹೋಯಿತು. ಕೆಂಪವ್ವ ತಂದ ಅಕ್ಕಿಯನ್ನೇ ಐವರು ಹೆಂಗಸರು ಹಿಡಿಹಿಡಿಯಾಗಿ ತುಂಬಿದರು. ಅವಳು ತಂದ ಬಳೆಗಳನ್ನು ಬೇರೆ ಕೈಗಳು ತೊಡಿಸಿದವು. ಅವಳು ಗೋಡೆಗೆ ಒರಗಿ ಸೋಬಾನ ಕೇಳಿದಳು.

ಹೋಳಿಗೆ ಊಟವಾದ ಮೇಲೆ ಮನೆ ಹಗುರಾಯಿತು. ಭರಮವ್ವನ ತಂಗಿಯ ಮಗಳೊಬ್ಬಳು ಬಂದು ಕೆಂಪವ್ವನ ಮೊಣಕಾಲು ಹಿಡಿದಳು. "ಅತ್ತಿ, ಪ್ರಶಸ್ತಿ ಬಂತಲ್ಲ, ಆ ಅಳು ಒಮ್ಮೆ ಅತ್ತ ತೋರಸ್ರಿ. ಫೋನಿನ್ಯಾಗ ನೋಡಿ ನೋಡಿ ಸಾಕಾಗೇತಿ."

"ಇವತ್ತ ಅಳೂದು ಚಲೋ ಅಲ್ಲ ತಗೊ" ಎಂದಳು ಮೂಲೆಯ ಮುದುಕಿಯೊಬ್ಬಳು.

ಭರಮವ್ವ ಎಲೆ ಮಡಚುತ್ತ ನಕ್ಕಳು. "ಸಿನಿಮಾದ ಅಳು ಅದು, ಖರೆ ಅಳು ಏನ? ಅದಕ್ಕೇನ ಆಗತೈತಿ. ಅಂಗಳದಾಗ ಅಳ್ಲಿ, ಒಳಗ ಬ್ಯಾಡ."

ಅಂಗಳದಲ್ಲಿ ಚಾಪೆ ಹಾಸಿದರು. ಕೆಂಪವ್ವ ಹೋಗಿ ಕುಳಿತಳು. ಯಾಕೆ ಕುಳಿತಳೋ ಅವಳಿಗೇ ತಿಳಿಯಲಿಲ್ಲ. ಆ ಮನೆಯಲ್ಲಿ ಅವಳ ಕೈಯಿಂದ ಆಗಲಿ ಎಂದು ಅವರು ಕೇಳಿದ ಕೆಲಸ ಅದೊಂದೇ ಆಗಿತ್ತು. ಸುತ್ತ ಫೋನುಗಳು ಮೇಲೆದ್ದವು. ಅವಳು ಕಣ್ಣು ಮುಚ್ಚಿ ಕರಿ ಕುರಿಯನ್ನು ಕರೆದಳು. ಬರಲಿಲ್ಲ. ಒಡ್ಡಿನ ಮೇಲೆ ಬರಿಯ ನೀರು ಸುರಿಯುತ್ತಿತ್ತು. ಕಣ್ಣು ತೆರೆದರೆ ಬಾಗಿಲಲ್ಲಿ ಹೊಳೆಪ್ಪ, ಅವನ ಹಿಂದೆ ತುಂಬಿದ ಉಡಿಯ ವಿದ್ಯಾ.

ಆಗ ಅಳು ಬಂತು. ದನಿಯಿಲ್ಲದ ಅಳು. ಭುಜ ಕುಲುಕಿತು, ಮೂಗು ಸೋರಿತು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಅಷ್ಟೇ. ಹೆದ್ದಾರಿಯಲ್ಲಿ ಲಾರಿಯೊಂದು ಹೋದ ಸದ್ದಿನಲ್ಲಿ ಅವಳ ಬಿಕ್ಕಿನ ಉಸಿರೂ ಮುಚ್ಚಿಹೋಯಿತು. ಒಂದೊಂದಾಗಿ ಫೋನುಗಳು ಕೆಳಗಿಳಿದವು.

"ಸಿನಿಮಾದಾಗ ಇದಕ್ಕಿಂತ ಚಲೋ ಅತ್ತಾಳ, ಬಿಡ."

"ವಯಸ್ಸಾತಲ್ಲ ಪಾಪ. ಬರೂದಿಲ್ಲ ಈಗ."

ಅತ್ತೆಯ ಮನೆಯವರ ಎದುರು ವಿದ್ಯಾಳ ಮುಖ ಕೆಂಪೇರಿತು. ಬಾಗಿಲಿಂದಲೇ ಕೂಗಿದಳು, "ಯವ್ವಾ, ದನಿ ತಗದ ಅಳಬೇ! ಅವತ್ತಿನಂಗ!"

ಕೆಂಪವ್ವ ದನಿ ತೆಗೆದಳು. ಫೋನುಗಳು ಮತ್ತೆ ಮೇಲೆದ್ದವು.