ಗುಂಡಿಯಕ್ಕ ಕೂಗದ ಬೆಳಿಗ್ಗೆ

ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಅವಳ ಕೆಲಸ ಗುಂಡಿ ಹಾಕುವುದು. ಎದೆಗೆ ಏಳು, ತೋಳಿಗೆ ಒಂದೊಂದು, ಕಳೆದುಹೋದರೆ ಇರಲಿ ಅಂತ ಒಳಗಡೆ ಒಂದು. ಹತ್ತೊಂಬತ್ತು ವರ್ಷದಿಂದ ಇದೇ. ಆದರೆ ಅವಳಿಗೆ ಗುಂಡಿಯಕ್ಕ ಅನ್ನುವ ಹೆಸರು ಬಂದದ್ದು ಅಂಗಿಯ ಗುಂಡಿಯಿಂದಲ್ಲ, ರಸ್ತೆಯ ಗುಂಡಿಯಿಂದ.

ಕಾರ್ಖಾನೆಯ ದಾರಿಯಲ್ಲೊಂದು ರೈಲು ಸೇತುವೆ. ರಸ್ತೆ ಇಳಿಜಾರಾಗಿ ಅದರ ಕೆಳಗೆ ನುಗ್ಗುತ್ತದೆ. ಬಿಸಿಲಿನಿಂದ ಒಮ್ಮೆಲೇ ಕತ್ತಲೆಗೆ ಹೊಕ್ಕವರಿಗೆ ಒಂದು ಗಳಿಗೆ ಏನೂ ಕಾಣುವುದಿಲ್ಲ. ಸರಿಯಾಗಿ ಅಲ್ಲೇ, ಎಡಬದಿಯಲ್ಲಿ, ಚರಂಡಿಯ ಚಪ್ಪಡಿ ಒಡೆದು ಮೊಣಕಾಲುದ್ದದ ಗುಂಡಿ. ಮುಂದೆ ಹೋಗುವವರು "ಗುಂಡಿ!" ಎಂದು ಕೂಗಬೇಕು, ಹಿಂದಿನವರು ಬಲಕ್ಕೆ ಸರಿದು ತಮ್ಮ ಹಿಂದಿನವರಿಗೆ ಕೂಗಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಬಿದ್ದು ಬುದ್ಧಿ ಕಲಿತ ಸೈಕಲ್ಲಿನವರು ತಾವೇ ಮಾಡಿಕೊಂಡ ಏರ್ಪಾಡು. ಅವರಲ್ಲೆಲ್ಲ ಜೋರು ಗಂಟಲು ಇವಳದೇ. ತಲೆಯ ಮೇಲೆ ರೈಲು ಹೋಗುತ್ತಿದ್ದರೂ ಕೇಳಿಸಬೇಕು, ಅಂಥ ಗಂಟಲು.

ಈ ಏರ್ಪಾಡಿಗೆಲ್ಲ ಸೊಪ್ಪು ಹಾಕದವನು ಒಬ್ಬನಿದ್ದ. ತೆಳು ಚಕ್ರದ ಸೈಕಲ್ಲು, ಮೈಗಂಟಿದ ಬಟ್ಟೆ. ಗುಂಡಿಯಕ್ಕ ಅವನಿಗೆ ಗಾಳಿರಾಯ ಎಂದು ಹೆಸರಿಟ್ಟಿದ್ದಳು. ಸದ್ದಿಲ್ಲದೆ ಹಿಂದೆ ಬಂದು, ಮೊಣಕೈ ಸವರುವಷ್ಟು ಹತ್ತಿರದಲ್ಲಿ ಹಾದುಹೋಗುವುದು ಅವನ ಮರ್ಜಿ. ಹೋದ ವಾರ ಅವನ ಹ್ಯಾಂಡಲ್ ಇವಳದಕ್ಕೆ ಬಡಿದು, ಬೆಲ್ಲು ಕಿತ್ತುಹೋಗಿ, ಇವಳು ರಸ್ತೆಯ ಮೇಲೆ ಮೊಣಕೈ ತರಚಿಕೊಂಡು ಬಿದ್ದಳು. ಅವನು ನಿಲ್ಲಲಿಲ್ಲ. "ನೋಡ್ಕೊಂಡು ಹೋಗಮ್ಮ" ಎಂದು ಹೇಳಿ ಹೊರಟೇಹೋದ.

ಮರುದಿನ ಸಿಗ್ನಲ್ಲಿನಲ್ಲಿ ಸಿಕ್ಕಾಗ ಅವಳು ಕೇಳಿದಳು. "ಒಂದ್ಸಲ ಬೆಲ್ ಹೊಡೆದ್ರೆ ನಿಮ್ಮ ಬೆರಳೇನು ಸವೆದು ಹೋಗುತ್ತಾ?"

"ನನ್ನ ಸೈಕಲ್ಲಿಗೆ ಬೆಲ್ಲೇ ಇಲ್ಲಮ್ಮ. ಸುಮ್ನೆ ಭಾರ" ಎಂದು ಅವನು ನಕ್ಕ.

ಹಿಡಿಯಷ್ಟು ಬೆಲ್ಲು ಭಾರವಂತೆ. ಆ ನಗು ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತು. ಗುಂಡಿ ಹಾಕುವಾಗಲೂ ಅದೇ, ಪಾತ್ರೆ ತೊಳೆಯುವಾಗಲೂ ಅದೇ. ಮಾಡಿದ್ದುಣ್ಣೋ ಮಾರಾಯ, ನಿನಗೂ ಒಂದು ದಿನ ಬರುತ್ತೆ ಎಂದು ಗೊಣಗುವಳು.

ಅವಳ ಗಂಡ ಪುಸ್ತಕಕ್ಕೆ ರಟ್ಟು ಹಾಕುವವನು. ಅಂಗಡಿ ಪಕ್ಕದ ಬೀದಿಯಲ್ಲೇ, ಹಾಗಾಗಿ ಅವನ ಸೈಕಲ್ಲು ಗೋಡೆಗೊರಗಿ ಧೂಳು ತಿನ್ನುತ್ತಿತ್ತು. ಸೇತುವೆಯ ಗುಂಡಿಯನ್ನು ಅವನು ಕಣ್ಣಿಂದ ಕಂಡವನಲ್ಲ, ಹೆಂಡತಿಯ ಬಾಯಿಂದ ಕೇಳಿದವನು. ಅವನ ಸೈಕಲ್ಲಿನ ಬೆಲ್ಲನ್ನು ಬಿಚ್ಚಿ ಅವಳು ತನ್ನದಕ್ಕೆ ಹಾಕಿಕೊಂಡಳು. ನೆಗಡಿಯಾಗಿ ಅವನಿಗೆ ಮೂರು ದಿನದಿಂದ ಗಂಟಲು ಕಟ್ಟಿತ್ತು.

"ಗಂಡಂಗೆ ಗಂಟಲಿಲ್ಲ, ಗಾಡಿಗೆ ಗಂಟೆಯಿಲ್ಲ. ಇನ್ನು ಈ ಮನೇಲಿ ನಂದೇ ದರ್ಬಾರು" ಎಂದಳು.

ಅವನು ಸದ್ದಿಲ್ಲದೆ ನಕ್ಕ. ಪಾಪ, ಆಗ ಇಬ್ಬರೂ ನಕ್ಕಿದ್ದರು.

ಆ ಬೆಳಿಗ್ಗೆ ಅವಳು ತಡವಾಗಿ ಹೊರಟಳು. ಇಳಿಜಾರಿನ ತಲೆಗೆ ಬಂದಾಗ ಎಂದಿನ ಗುಂಪು ಮುಂದೆ ಹೋಗಿಯಾಗಿತ್ತು. ಸೇತುವೆಯ ಕೆಳಗಿನ ಕತ್ತಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಹಿಂದಿನ ಸಂಜೆ ಬರುವಾಗಲೇ ನೋಡಿದ್ದಳು, ಚಪ್ಪಡಿಯ ಇನ್ನೊಂದು ಚೂರು ಕುಸಿದು ಒಳಗಿನ ಕಬ್ಬಿಣದ ಕಂಬಿ ಮೇಲೆದ್ದು ನಿಂತಿತ್ತು. ಇವತ್ತು ಇನ್ನೂ ಜೋರಾಗಿ ಕೂಗಬೇಕು ಅಂದುಕೊಂಡೇ ಮನೆ ಬಿಟ್ಟಿದ್ದಳು.

ಆಗ ಹಿಂದೆ ಚಕ್ರದ ಸದ್ದು ಕೇಳಿಸಿತು. ವೇಗವಾಗಿ ಬರುತ್ತಿತ್ತು. ಬೆಲ್ಲಿಲ್ಲ, ಮಾತಿಲ್ಲ, ಬರೀ ಚಕ್ರ.

ಬಂದ ನೋಡು ಗಾಳಿರಾಯ, ಅಂದುಕೊಂಡಳು. ತರಚಿದ ಮೊಣಕೈ ಚುರುಗುಟ್ಟಿತು. ತಿರುಗಿ ನೋಡಲಿಲ್ಲ. ಗುಂಡಿ ಹತ್ತಿರವಾಯಿತು. ಮಾತು ನಾಲಿಗೆಯ ತುದಿಗೆ ಬಂತು, ಹತ್ತೊಂಬತ್ತು ವರ್ಷದ ಅಭ್ಯಾಸ, ತಾನಾಗಿಯೇ ಬಂತು. ಅವಳು ಹಲ್ಲು ಕಚ್ಚಿ ಅದನ್ನು ನುಂಗಿದಳು. ತಾನು ಮಾತ್ರ ಬಲಕ್ಕೆ ಸರಿದು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಇಟ್ಟುಕೊಂಡ ಮಾತು ಏನು ಮಾಡುತ್ತದೆ ಅಂತ ಹೇಳಿದವರಿಲ್ಲ.

ಹಿಂದೆ ಕಬ್ಬಿಣ ಸಿಮೆಂಟಿಗೆ ಬಡಿದ ಸದ್ದಾಯಿತು. ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಖುಷಿಯಾಯಿತು. ಆಮೇಲೆ ನರಳಾಟ ಕೇಳಿಸಿತು. ಸ್ವರ ಬಾರದ ಗಂಟಲಿನ ನರಳಾಟ. ಆ ಗಂಟಲಿಗೆ ರಾತ್ರಿಯಷ್ಟೇ ಅವಳು ಬಿಸಿನೀರು ಕಾಯಿಸಿ ಕೊಟ್ಟಿದ್ದಳು.

ಅವನ ಕಾಲು ಗುಂಡಿಯೊಳಗಿತ್ತು, ಸೈಕಲ್ಲು ಮೇಲಿತ್ತು. ಜೇಬಿನಿಂದ ಅವಳ ಕನ್ನಡಕದ ಡಬ್ಬಿ ಹೊರಬಿದ್ದಿತ್ತು. ಸೂಜಿಗೆ ದಾರ ಪೋಣಿಸಲು ಅದು ಬೇಕೇಬೇಕು. ಅವಸರದಲ್ಲಿ ಅವಳು ಮೇಜಿನ ಮೇಲೆ ಮರೆತದ್ದನ್ನು ಕೊಡಲು, ಕರೆಯಲು ಸ್ವರವಿಲ್ಲದೆ, ಬಾರಿಸಲು ಬೆಲ್ಲಿಲ್ಲದೆ, ತುಳಿದುಕೊಂಡು ಓಡಿಬಂದಿದ್ದ.

ಅಷ್ಟರಲ್ಲಿ ದೂರದಿಂದ ಬಂದ ಗಾಳಿರಾಯ ಬ್ರೇಕು ಹಿಡಿದು ಇಳಿದ. ಕಾಲನ್ನು ಕಂಬಿಯಿಂದ ಬಿಡಿಸಿದವನೂ ಅವನೇ, ಆಸ್ಪತ್ರೆಗೆ ಗಾಡಿ ತಂದವನೂ ಅವನೇ.

ತೊಡೆಯ ಮೂಳೆ ಮುರಿದಿದೆ, ಗಾಯ ಆಳವಾಗಿದೆ, ಕಾಲು ಉಳಿಯುತ್ತದೋ ಇಲ್ಲವೋ ಎರಡು ದಿನ ಕಳೆಯದೆ ಹೇಳಲಾಗದು ಎಂದರು ಡಾಕ್ಟರು. ಗಾಳಿರಾಯ ಮಂಚದ ಕಾಲುದೆಸೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ನಾನು ದಿನಾ ನಿಮ್ಮ ಕೂಗು ನಂಬ್ಕೊಂಡೇ ಬರೋದು ಅಕ್ಕ. ಅದಿಲ್ದಿದ್ರೆ ಯಾವತ್ತೋ ಬಿದ್ದಿರ್ತಿದ್ದೆ. ಇವತ್ತು ಮಾತ್ರ ದೂರದಲ್ಲಿದ್ದೆ ನೋಡಿ, ಕೇಳಿಸ್ಲಿಲ್ಲ" ಎಂದ.

ಗಂಡ ಕಣ್ಣು ಬಿಟ್ಟ. ಅವಳ ಸೆರಗಿನ ತುದಿ ಹಿಡಿದು ಹತ್ತಿರಕ್ಕೆ ಕರೆದ.

"ನಂದೇ ತಪ್ಪು ಕಣೆ. ನೆಗಡಿಗೆ ಕಿವಿನೂ ಮುಚ್ಕೊಂಡಿದೆ. ನೀನು ಕೂಗಿದ್ದು ನನಗೂ ಕೇಳಿಸ್ಲೇ ಇಲ್ಲ."

ಅವಳು ಬಗ್ಗಿ, ಅವನ ಕಿವಿಯ ಹತ್ತಿರ ಪಿಸುಗುಟ್ಟಿದಳು. "ನಾನು ಕೂಗ್ಲಿಲ್ಲ ರೀ."

ಅವನು ಹುಬ್ಬು ಗಂಟಿಕ್ಕಿದ. ಕಿವಿಯನ್ನು ಇನ್ನಷ್ಟು ಅವಳ ಕಡೆಗೆ ತಿರುಗಿಸಿದ.

"ಕೇಳಿಸ್ತಿಲ್ಲ ಕಣೆ. ಸ್ವಲ್ಪ ಜೋರಾಗಿ ಹೇಳು" ಎಂದ.